ಮೊಟ್ಟೆ ಪೆಟ್ಟಿಗೆಯ ಮುಂದೆ ಒಂದೇ ಹೇಂಟೆಯ ದರ್ಬಾರು: ಬಿಡಿಸುವ ಕ್ರಮ, ಹಂತ ಹಂತವಾಗಿ

ಈ ಕೆಲಸದಲ್ಲಿ ಸೋತವರೆಲ್ಲ ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತಾರೆ. ಒಂದು ಹೇಂಟೆ ಮೊಟ್ಟೆ ಇಡುವ ಪೆಟ್ಟಿಗೆಯ ಬಾಯಲ್ಲಿ ನಿಂತು ಉಳಿದವನ್ನು ಒಳಗೆ ಬಿಡುತ್ತಿರಲಿಲ್ಲ. ಅದನ್ನು ಹಿಡಿದು ಬೇರೆ ಕಡೆ ಹಾಕಿದರು. ನಾಲ್ಕು ದಿನ ಎಲ್ಲ ಸರಿಹೋಯಿತು. ವಾಪಸ್ ಬಿಟ್ಟ ಒಂದು ವಾರದೊಳಗೆ ಮತ್ತೆ ಅದೇ ಕುಕ್ಕಾಟ. ಇಲ್ಲವೇ ಅದರ ಜಾಗಕ್ಕೆ ಇನ್ನೊಂದು ಹೇಂಟೆ ಬಂದು ನಿಂತಿತು. ಕೆಲವರು ಆ ಕೋಳಿಯನ್ನೇ ಯಾರಿಗೋ ಕೊಟ್ಟುಬಿಟ್ಟರು. ಆದರೂ ನೆಲದ ಮೇಲೆ ಮೊಟ್ಟೆ ಒಡೆಯುವುದು ನಿಲ್ಲಲಿಲ್ಲ.

ಇವರೆಲ್ಲ ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದಾರೆ. ಕೋಳಿಗಳ ಗುಂಪು ಅಂದಮೇಲೆ ಮೇಲು ಕೆಳಗು ಇದ್ದೇ ಇರುತ್ತದೆ. ಅದನ್ನು ನಾವು ಅಳಿಸಲು ಆಗುವುದಿಲ್ಲ. ಮೇಲಿನ ಹೇಂಟೆಗೆ ಕಾವಲು ನಿಲ್ಲಲು ಅನುಕೂಲವಾದ ಜಾಗ ಸಿಗದಂತೆ ಮಾಡಬಹುದು, ಅಷ್ಟೇ. ಪೆಟ್ಟಿಗೆಗಳೆಲ್ಲ ಒಂದೇ ಸಾಲಿನಲ್ಲಿದ್ದರೆ ಒಂದು ಹೇಂಟೆ ಎಲ್ಲವನ್ನೂ ಕಾಯುತ್ತದೆ. ಎರಡು ಮೂಲೆಯಲ್ಲಿದ್ದರೆ ಎಂಥ ಜೋರಿನ ಹೇಂಟೆಗೂ ಒಂದೇ ಹೊತ್ತಿಗೆ ಎರಡು ಕಡೆ ನಿಲ್ಲಲು ಆಗುವುದಿಲ್ಲ. ಹಾಗಾಗಿ ಮೊದಲು ನೋಡಿ, ಆಮೇಲೆ ಪೆಟ್ಟಿಗೆ ಸರಿಮಾಡಿ, ಆಮೇಲೆ ಗೂಡು, ಕೊನೆಗೆ ಕೋಳಿ. ದಯವಿಟ್ಟು ಈ ಕ್ರಮ ತಪ್ಪಿಸಬೇಡಿ.

## ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದ ಸಾಮಾನು

ಕೋಳಿಯ ಕಾಲಿಗೆ ಹಾಕುವ ಬಣ್ಣಬಣ್ಣದ ಉಂಗುರಗಳು ಬೇಕು. ಒಂದೇ ಬಣ್ಣದ ಐದಾರು ಹೇಂಟೆಗಳಿದ್ದರೆ ಉಂಗುರ ಇಲ್ಲದೆ ಯಾವುದು ಯಾವುದನ್ನು ಕುಕ್ಕಿತು ಅಂತ ಗೊತ್ತೇ ಆಗುವುದಿಲ್ಲ. ಒಂದು ಚಿಕ್ಕ ಪುಸ್ತಕ, ಪೆನ್ನು. ಕನಿಷ್ಠ ಒಂದು ಹೆಚ್ಚಿನ ಪೆಟ್ಟಿಗೆ. ದಪ್ಪ ಬಟ್ಟೆ ಅಥವಾ ಹಳೇ ಗೋಣಿಚೀಲ, ಅದನ್ನು ಹೊಡೆಯಲು ಚಿಕ್ಕ ಮೊಳೆ. ಪೆಟ್ಟಿಗೆಗೆ ಒಂದರಂತೆ ಮರದ ಅಥವಾ ಪಿಂಗಾಣಿಯ ಸುಳ್ಳು ಮೊಟ್ಟೆ. ಗಾಲ್ಫ್ ಚೆಂಡು ಕೂಡ ಆಗುತ್ತದೆ. ಒಣಹುಲ್ಲು ಇಲ್ಲವೇ ಮರದ ಹೊಟ್ಟು. ರಾತ್ರಿ ನೋಡಲು ಟಾರ್ಚು. ಕೊನೆಯದಾಗಿ, ತಳಕ್ಕೂ ತಂತಿ ಬಲೆ ಇರುವ ಒಂದು ಪಂಜರ. ಇದು ಬೇಕಾಗದೇ ಇರಬಹುದು. ಆದರೆ ಬೇಕಾದ ದಿನ ಹುಡುಕುತ್ತಾ ಕೂರಲು ಸಮಯ ಇರುವುದಿಲ್ಲ.

## ಹಂತ 1: ಮೂರು ಬೆಳಗ್ಗೆ ಸುಮ್ನೆ ಕೂತು ನೋಡಿ

ಸೂರ್ಯ ಹುಟ್ಟಿದ ಮೇಲಿನ ಐದಾರು ಗಂಟೆಯಲ್ಲೇ ಬಹುಪಾಲು ಮೊಟ್ಟೆ ಬೀಳುತ್ತವೆ. ಜಗಳ ನಡೆಯುವುದೂ ಆಗಲೇ. ಒಂದು ಮೊಟ್ಟೆ ಹೊಟ್ಟೆಯಲ್ಲಿ ತಯಾರಾಗಲು ಸುಮಾರು 24ರಿಂದ 26 ಗಂಟೆ ಬೇಕು. ಹಾಗಾಗಿ ಇವತ್ತು ಎಂಟಕ್ಕೆ ಇಟ್ಟ ಹೇಂಟೆ ನಾಳೆ ಸ್ವಲ್ಪ ತಡವಾಗಿ ಇಡುತ್ತದೆ, ನಾಡಿದ್ದು ಇನ್ನೂ ತಡ. ಒಂದೇ ದಿನ ನೋಡಿ ತೀರ್ಮಾನ ಮಾಡಿದರೆ ತಪ್ಪುವುದು ಇದಕ್ಕೇ. ಮೂರು ದಿನವಾದರೂ ನೋಡಿ. ಸ್ವಲ್ಪ ದೂರದಲ್ಲಿ, ಅಲುಗಾಡದೆ ಕೂರಿ. ನೀವು ಹತ್ತಿರ ಹೋದರೆ ಕಾಳು ಸಿಗುತ್ತದೆ ಅಂತ ಎಲ್ಲ ನಿಮ್ಮ ಕಡೆ ಓಡಿ ಬರುತ್ತವೆ, ನಡೆಯುತ್ತಿದ್ದದ್ದು ನಿಂತುಹೋಗುತ್ತದೆ.

ಬರೆದುಕೊಳ್ಳಬೇಕಾದದ್ದು ಇಷ್ಟು: ಯಾರು ಯಾರನ್ನು ಓಡಿಸಿದರು, ಯಾವ ಪೆಟ್ಟಿಗೆಯ ಮುಂದೆ, ಎಷ್ಟು ಹೊತ್ತಿಗೆ, ಓಡಿಸಿದ್ದು ತಾನೇ ಮೊಟ್ಟೆ ಇಟ್ಟಿತಾ ಇಲ್ಲವಾ. ಕೊನೆಯದ್ದು ತುಂಬ ಮುಖ್ಯ. ಮೊಟ್ಟೆ ಬರುವ ಹೊತ್ತಿಗೆ ಯಾವ ಹೇಂಟೆಯಾದರೂ ಸ್ವಲ್ಪ ಸಿಡುಕುತ್ತದೆ. ಒಳಗೆ ಕೂತು ಗುರ್ ಅನ್ನುವುದು, ಹತ್ತಿರ ಬಂದವಳಿಗೆ ಒಂದು ಸಲ ಕೊಕ್ಕು ತೋರಿಸುವುದು, ಇಟ್ಟಮೇಲೆ ಊರಿಗೆಲ್ಲ ಕೇಳುವ ಹಾಗೆ ಕೂಗುವುದು, ಇವೆಲ್ಲ ಮಾಮೂಲು. ಎರಡು ಹೇಂಟೆ ಒಂದೇ ಪೆಟ್ಟಿಗೆಯಲ್ಲಿ ಒತ್ತಿಕೊಂಡು ಕೂರುವುದೂ ಮಾಮೂಲು. ಅವನ್ನು ಬಿಡಿಸಲು ಹೋಗಬೇಡಿ.

ನಿಜವಾದ ತೊಂದರೆ ಬೇರೆ ಥರ ಕಾಣುತ್ತದೆ. ನನ್ನ ಗುಂಪಿನಲ್ಲಿ ಒಂದು ಕಂದು ಹೇಂಟೆ ಬೆಳಗ್ಗೆ ಏಳೂವರೆಗೇ ಮೊಟ್ಟೆ ಇಟ್ಟು ಮುಗಿಸುತ್ತಿತ್ತು. ಇಟ್ಟಮೇಲೆ ಮೇಯಲು ಹೋಗುತ್ತಿರಲಿಲ್ಲ. ಪೆಟ್ಟಿಗೆ ಸಾಲಿನ ಮುಂದಿನ ಹಲಗೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿತ್ತು. ಕೆಳಗೆ ಒಂದು ಕರಿ ಹೇಂಟೆ ಕತ್ತು ಚಾಚಿ, ಒಂದು ಕಾಲು ಎತ್ತಿ ಹಲಗೆಗೆ ಇಡುತ್ತಿತ್ತು. ಕಂದು ಹೇಂಟೆ ತಿರುಗಿ ನೋಡಿದರೆ ಸಾಕು, ಕಾಲು ಕೆಳಗೆ. ಕುಕ್ಕಿದ್ದೇ ಕಡಿಮೆ. ನಲವತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಕರಿ ಹೇಂಟೆ ನೀರಿನ ಪಾತ್ರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಲ್ಲೇ ಮೊಟ್ಟೆ ಹಾಕಿತು, ಅದು ಕಲ್ಲಿಗೆ ಬಿದ್ದು ಸೀಳಿತು. ಅದುವರೆಗೆ ನಾನು ಗಾಯ ಹುಡುಕುತ್ತಿದ್ದೆ, ಗಾಯ ಇಲ್ಲ ಅಂದರೆ ತೊಂದರೆ ಇಲ್ಲ ಅಂದುಕೊಂಡಿದ್ದೆ. ಬರೀ ನೋಟದಲ್ಲೇ ತಡೆಯುವ ಹೇಂಟೆಯನ್ನು ಕೂತು ನೋಡದೆ ಕಂಡುಹಿಡಿಯಲು ಆಗುವುದಿಲ್ಲ.

## ಹಂತ 2: ಇದು ಜೋರೋ, ಕಾವೋ?

ಪೆಟ್ಟಿಗೆ ಬಿಟ್ಟು ಏಳದೆ, ಹತ್ತಿರ ಹೋದವರಿಗೆಲ್ಲ ಕುಕ್ಕುವ ಹೇಂಟೆ ಕಾವಿಗೆ ಕೂತಿರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಮುಂದೆ ಹೋಗುವ ಮೊದಲು ಇದು ಇತ್ಯರ್ಥ ಆಗಲೇಬೇಕು.

ಕಾವಿನ ಹೇಂಟೆ ರಾತ್ರಿಯೂ ಗಳದ (ಕೋಳಿಗಳು ಕೂತು ಮಲಗುವ ಅಡ್ಡ ಕೋಲಿನ) ಮೇಲೆ ಹೋಗುವುದಿಲ್ಲ, ಪೆಟ್ಟಿಗೆಯಲ್ಲೇ ಇರುತ್ತದೆ. ಕೈ ಹಾಕಿದರೆ ಮೈಯೆಲ್ಲ ಉಬ್ಬಿಸಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಎದೆಯ ಪುಕ್ಕ ತಾನೇ ಕಿತ್ತುಕೊಂಡಿರುತ್ತದೆ, ಆ ಬೋಳು ಚರ್ಮ ಮುಟ್ಟಿದರೆ ಬಿಸಿ. ದಿನಕ್ಕೆ ಒಂದೆರಡು ಸಲ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ದೊಡ್ಡದಾಗಿ ನಾರುವ ಹಿಕ್ಕೆ ಹಾಕಿ ಓಡಿ ವಾಪಸ್ ಬರುತ್ತದೆ. ಮೊಟ್ಟೆ ಇಡುವುದನ್ನು ನಿಲ್ಲಿಸಿರುತ್ತದೆ. ಜೋರಿನ ಹೇಂಟೆ ಹಾಗಲ್ಲ. ಅದು ಮಧ್ಯಾಹ್ನದ ಹೊತ್ತಿಗೆ ಎಲ್ಲರ ಜೊತೆ ಕೆದಕುತ್ತಿರುತ್ತದೆ, ರಾತ್ರಿ ಗಳದ ಮೇಲೆ ಒಳ್ಳೇ ಜಾಗ ಹಿಡಿದಿರುತ್ತದೆ, ಮೊಟ್ಟೆಯನ್ನೂ ಇಡುತ್ತದೆ.

ಕಾವು ಅಂತ ಖಾತ್ರಿಯಾದರೆ ಎರಡೇ ದಾರಿ. ಮರಿ ಬೇಕಿದ್ದರೆ ಬೇರೆ ಜಾಗದಲ್ಲಿ, ಕತ್ತಲಲ್ಲಿ, 21 ದಿನ ಕೂರಲು ಬಿಡಿ. ಬೇಡವಾದರೆ ತಂತಿ ತಳದ ಪಂಜರವನ್ನು ನೆಲದಿಂದ ಎತ್ತರಕ್ಕೆ ಇಟ್ಟು, ಹುಲ್ಲು ಹಾಕದೆ, ಆಹಾರ ನೀರು ಕೊಟ್ಟು ಅದರಲ್ಲಿ ಹಾಕಿ. ಹೊಟ್ಟೆ ಕೆಳಗೆ ಗಾಳಿಯಾಡಿದರೆ ಸಾಮಾನ್ಯವಾಗಿ ಮೂರು ನಾಲ್ಕು ದಿನದಲ್ಲಿ ಕಾವು ಬಿಡುತ್ತದೆ. ತಣ್ಣೀರಲ್ಲಿ ಮುಳುಗಿಸಬೇಡಿ. ಅದರ ಅಗತ್ಯ ಇಲ್ಲ, ಕೋಳಿ ಸುಮ್ನೆ ಬೆದರುತ್ತದೆ.

## ಹಂತ 3: ಪೆಟ್ಟಿಗೆ ಎಣಿಸಿ, ಆಮೇಲೆ ಚದುರಿಸಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಈ ಹಂತ ಸರಿಯಾಗಿ ಮಾಡಿದವರಲ್ಲಿ ಹೆಚ್ಚಿನವರಿಗೆ ಕೋಳಿಯನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಲೆಕ್ಕ ಹೀಗೆ: ನಾಲ್ಕು ಹೇಂಟೆಗೆ ಒಂದು ಪೆಟ್ಟಿಗೆ. ಐದಕ್ಕಿಂತ ಜಾಸ್ತಿ ಆಗಬಾರದು. ಇರುವುದು ಮೂರೇ ಹೇಂಟೆಯಾದರೂ ಎರಡು ಪೆಟ್ಟಿಗೆ ಇಡಿ, ಒಂದೇ ಇದ್ದರೆ ಅದನ್ನು ಕಾಯುವುದು ತುಂಬ ಸುಲಭ. ಒಂದೊಂದೂ ಉದ್ದ, ಅಗಲ, ಎತ್ತರ 12 ಇಂಚು ಇರಲಿ. ದಪ್ಪ ಜಾತಿಯ ಕೋಳಿಗೆ 14 ಇಂಚು. ಮುಂದೆ ನಾಲ್ಕು ಇಂಚಿನ ಹೊಸ್ತಿಲು ಕೊಡಿ, ಇಲ್ಲದಿದ್ದರೆ ಹುಲ್ಲೂ ಮೊಟ್ಟೆಯೂ ಕೆಳಗೆ ಉರುಳುತ್ತವೆ. ನೆಲದಿಂದ ಒಂದೂವರೆಯಿಂದ ಎರಡು ಅಡಿ ಎತ್ತರ ಸಾಕು. ರಾತ್ರಿ ಕೂರುವ ಗಳ ಇದಕ್ಕಿಂತ ಮೇಲಿರಲೇಬೇಕು. ಕೋಳಿಗಳು ಎತ್ತರದ ಜಾಗ ಹುಡುಕಿ ಮಲಗುತ್ತವೆ. ಪೆಟ್ಟಿಗೆಯೇ ಎತ್ತರದಲ್ಲಿದ್ದರೆ ಅಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ಬೆಳಗ್ಗೆ ಆ ಗಲೀಜಿಗೆ ಯಾರೂ ಹೋಗದೆ, ಉಳಿದ ಒಂದೇ ಶುಚಿಯಾದ ಪೆಟ್ಟಿಗೆಗೆ ಎಲ್ಲರೂ ಮುಗಿಬೀಳುತ್ತಾರೆ.

ಈಗ ಚದುರಿಸುವುದು. ಇಲ್ಲೇ ಜನ ಎಡವುವುದು. "ಇನ್ನೂ ಎರಡು ಪೆಟ್ಟಿಗೆ ಮಾಡಿಸಿದೆ, ಏನೂ ಪ್ರಯೋಜನ ಆಗಲಿಲ್ಲ" ಅನ್ನುವವರನ್ನು ಎಲ್ಲಿಟ್ಟಿದ್ದೀರಿ ಅಂತ ಕೇಳಿ. ಹಳೇ ಪೆಟ್ಟಿಗೆ ಪಕ್ಕದಲ್ಲೇ ಅನ್ನುತ್ತಾರೆ. ಹಾಗೆ ಇಟ್ಟರೆ ಕಾವಲು ಕಾಯುವ ಹಲಗೆ ಉದ್ದವಾಯಿತು ಅಷ್ಟೇ ಅಲ್ವಾ? ಹೊಸದನ್ನು ಗೂಡಿನ ಎದುರು ಮೂಲೆಯಲ್ಲಿಡಿ. ಒಂದರ ಬಾಯಲ್ಲಿ ನಿಂತರೆ ಇನ್ನೊಂದರ ಬಾಯಿ ಕಾಣಬಾರದು. ಗೂಡು ಚಿಕ್ಕದಾಗಿದ್ದು ಬೇರೆ ದಾರಿ ಇಲ್ಲದಿದ್ದರೆ ನಡುವೆ ಒಂದು ಹಲಗೆ ನಿಲ್ಲಿಸಿ ಕಣ್ಣಿಗೆ ಮರೆ ಮಾಡಿ. ಗೂಡಿನ ಹೊರಗೆ ನೆರಳಿರುವ ಆವರಣ ಇದ್ದರೆ ಒಂದು ಪೆಟ್ಟಿಗೆ ಅಲ್ಲೂ ಇಡಬಹುದು, ಮಳೆ ನೀರು ಬೀಳದಿದ್ದರೆ ಸಾಕು.

ಸಾಲು ಪೆಟ್ಟಿಗೆಗಳ ಮುಂದೆ ಉದ್ದಕ್ಕೂ ಒಂದೇ ಹಲಗೆ ಅಥವಾ ಗಳ ಇದೆಯಾ? ಅದನ್ನು ತೆಗೆದು ಪ್ರತಿ ಪೆಟ್ಟಿಗೆಗೂ ಚಿಕ್ಕದಾದ ಬೇರೆ ಬೇರೆ ಮೆಟ್ಟಿಲು ಕೊಡಿ. ನನ್ನ ಕಂದು ಹೇಂಟೆಯ ತಿರುಗಾಟ ಅರ್ಧ ನಿಂತದ್ದು ಆ ಹಲಗೆ ಕತ್ತರಿಸಿದ ಮೇಲೆ. ಪೆಟ್ಟಿಗೆಯ ಮುಂದೆ ಎರಡು ಮೂರು ಅಡಿ ಖಾಲಿ ಜಾಗವೂ ಇರಲಿ. ಓಡಿಸಿದಾಗ ಹಿಂದೆ ಸರಿಯಲು ಜಾಗ ಇಲ್ಲದೆ ಗೋಡೆಗೆ ಸಿಕ್ಕಿಕೊಂಡ ಹೇಂಟೆಗೇ ಗಾಯ ಜಾಸ್ತಿ.

ಎಲ್ಲರಿಗೂ ಇಷ್ಟವಾದ ಒಂದು ಪೆಟ್ಟಿಗೆ ಪ್ರತಿ ಗೂಡಿನಲ್ಲೂ ಇರುತ್ತದೆ. ಜಗಳದ ಮೂಲ ಅದೇ ಅಂತ ಅದನ್ನು ಕಿತ್ತು ಹಾಕಬೇಡಿ. ಅದರಲ್ಲಿ ಏನಿದೆ ಅಂತ ನೋಡಿ. ಸಾಮಾನ್ಯವಾಗಿ ಅದು ಹೆಚ್ಚು ಕತ್ತಲಾಗಿರುತ್ತದೆ, ಮೂಲೆಯಲ್ಲಿರುತ್ತದೆ, ಓಡಾಟ ಕಡಿಮೆ ಇರುವ ಕಡೆ ಇರುತ್ತದೆ. ಹೊಸದನ್ನೂ ಹಾಗೇ ಮಾಡಿ. ಅದರೊಳಗಿನ ಹಳೇ ಹುಲ್ಲನ್ನು ಒಂದು ಹಿಡಿ ತಂದು ಹೊಸದರಲ್ಲಿ ಹಾಕಿದರೆ ಹೇಂಟೆಗಳು ಬೇಗ ಒಪ್ಪುತ್ತವೆ.

ಬದಲಾವಣೆಯನ್ನು ಸಂಜೆ, ಮೊಟ್ಟೆಯ ಹೊತ್ತು ಕಳೆದ ಮೇಲೆ ಮಾಡಿ. ಒಂದು ಸಲಕ್ಕೆ ಒಂದೇ. ಒಂದು ವಾರ ಬಿಡಿ. ಎರಡು ಮೂರು ದಿನ ಮೊಟ್ಟೆ ಕಡಿಮೆಯಾದರೆ ಗಾಬರಿಯಾಗಬೇಡಿ.

## ಹಂತ 4: ಒಳಗೆ ಕತ್ತಲು, ಮೆತ್ತಗೆ, ಶುಚಿ

ಹೇಂಟೆಗೆ ಮೊಟ್ಟೆ ಇಡಲು ಮರೆ ಬೇಕು. ಇದು ಬರೀ ಇಷ್ಟದ ಮಾತಲ್ಲ. ಮೊಟ್ಟೆ ಹೊರಬರುವಾಗ ಒಳಗಿನ ಕೆಂಪು ಪೊರೆ ಕ್ಷಣಕಾಲ ಹೊರಗೆ ಕಾಣುತ್ತದೆ. ಬೆಳಕಿದ್ದರೆ ಉಳಿದ ಕೋಳಿಗಳು ಆ ಕೆಂಪನ್ನು ಕುಕ್ಕುತ್ತವೆ. ಒಂದು ಸಲ ರಕ್ತ ಬಂದರೆ ಇಡೀ ಗುಂಪು ಅದಕ್ಕೇ ಬೀಳುತ್ತದೆ. ಜೋರಿನಿಂದ ಶುರುವಾದದ್ದು ಜೀವ ತೆಗೆಯುವವರೆಗೆ ಹೋಗುವುದು ಹೀಗೆ.

ಪೆಟ್ಟಿಗೆಯ ಬಾಯಿಗೆ ಪರದೆ ಹಾಕಿ. ದಪ್ಪ ಬಟ್ಟೆಯನ್ನು ಎರಡು ಮೂರು ಪಟ್ಟಿಯಾಗಿ ಸೀಳಿ ಮೇಲೆ ಮೊಳೆ ಹೊಡೆದರೆ ಆಯಿತು. ಮೊದಲ ವಾರ ಅರ್ಧ ಪರದೆಯನ್ನು ಮೇಲೆ ಕಟ್ಟಿಡಿ. ಏಕಾಏಕಿ ಪೂರ್ತಿ ಮುಚ್ಚಿದರೆ ಕೆಲವು ಹೇಂಟೆಗಳು ಒಳಗೆ ಹೋಗುವುದೇ ಇಲ್ಲ. ಪರದೆಯಿಂದ ಇನ್ನೊಂದು ಲಾಭವೂ ಇದೆ. ಒಳಗೆ ಯಾರಿದ್ದಾರೆ ಅಂತ ಹೊರಗಿನ ಜೋರಿನ ಹೇಂಟೆಗೆ ಕಾಣುವುದಿಲ್ಲ. ಕಾಣದ್ದನ್ನು ಅದು ಅಷ್ಟಾಗಿ ಓಡಿಸಲು ಹೋಗುವುದಿಲ್ಲ.

ಪ್ರತಿ ಪೆಟ್ಟಿಗೆಯಲ್ಲೂ ಮೂರು ನಾಲ್ಕು ಇಂಚು ಹುಲ್ಲು ಹಾಕಿ ಒಂದು ಸುಳ್ಳು ಮೊಟ್ಟೆ ಇಡಿ. ಮೊಟ್ಟೆ ಕಂಡ ಕಡೆ ಹೇಂಟೆ ಮೊಟ್ಟೆ ಇಡುತ್ತದೆ. ಹೊಸ ಪೆಟ್ಟಿಗೆ ಖಾಲಿ ಉಳಿದಿದೆ ಅನ್ನುವವರು ಬಹಳ ಸಲ ಇದನ್ನೇ ಮರೆತಿರುತ್ತಾರೆ. ನಿಜವಾದ ಮೊಟ್ಟೆಗಳನ್ನು ದಿನಕ್ಕೆ ಎರಡು ಸಲವಾದರೂ ತೆಗೆಯಿರಿ. ಗುಡ್ಡೆ ಬಿದ್ದರೆ ನೂಕಾಟದಲ್ಲಿ ಒಡೆಯುತ್ತವೆ, ಒಡೆದದ್ದರ ರುಚಿ ಹತ್ತಿದರೆ ಮೊಟ್ಟೆ ತಿನ್ನುವ ಚಟ ಬರುತ್ತದೆ, ಕಾವಿಗೂ ಕೂರುತ್ತವೆ.

ಒಂದು ಪೆಟ್ಟಿಗೆಯನ್ನು ಎಲ್ಲ ಹೇಂಟೆಗಳೂ ಒಮ್ಮೆಲೇ ಬಿಟ್ಟಿದ್ದರೆ ರಾತ್ರಿ ಟಾರ್ಚು ಹಿಡಿದು ಅದರ ಸಂದುಗಳನ್ನು ನೋಡಿ. ರಕ್ತ ಹೀರುವ ಸಣ್ಣ ಕೆಂಪು ಹುಳಗಳು ಹಗಲು ಮರದ ಸಂದಿನಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತವೆ. ಬಿಳಿ ಬಟ್ಟೆಯಿಂದ ಸಂದನ್ನು ಒರೆಸಿದಾಗ ಕೆಂಪು ಗೀರು ಕಂಡರೆ ಅವು ಇವೆ ಅಂತಲೇ ಅರ್ಥ. ಹುಲ್ಲೆಲ್ಲ ತೆಗೆದು ಸುಟ್ಟು, ಪೆಟ್ಟಿಗೆ ತೊಳೆದು, ಬಿಸಿಲಿಗೆ ಒಣಗಿಸಿ. ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ, ಮೊಟ್ಟೆ ತಿನ್ನುವವರು ನಾವು.

## ಹಂತ 5: ಪೆಟ್ಟಿಗೆಯ ಆಚೆ ಇರುವ ಇಕ್ಕಟ್ಟು

ಕೆಲವು ಸಲ ಜಗಳ ಕಾಣುವುದು ಪೆಟ್ಟಿಗೆಯ ಹತ್ತಿರ, ಕಾರಣ ಇರುವುದು ಬೇರೆ ಕಡೆ. ಗೂಡಿನೊಳಗೆ ಒಂದು ಕೋಳಿಗೆ 4 ಚದರ ಅಡಿ, ಹೊರಗಿನ ಆವರಣದಲ್ಲಿ 8ರಿಂದ 10 ಚದರ ಅಡಿ, ಗಳದ ಮೇಲೆ 8ರಿಂದ 10 ಇಂಚು ಇದೆಯಾ ಅಂತ ಅಳೆದು ನೋಡಿ. ಆಹಾರದ ಪಾತ್ರೆ ಮತ್ತು ನೀರಿನ ಪಾತ್ರೆ ಎರಡೆರಡು ಇರಲಿ, ಪೆಟ್ಟಿಗೆಯಿಂದ ದೂರ ಇರಲಿ. ಪೆಟ್ಟಿಗೆಯ ಕೆಳಗೇ ನೀರಿಟ್ಟರೆ ಕುಡಿಯಲು ಬಂದವರೂ, ಮೊಟ್ಟೆಗೆ ಬಂದವರೂ ಒಂದೇ ಕಡೆ ಸೇರುತ್ತಾರೆ.

ಮೊಟ್ಟೆ ಕೋಳಿಯ ಆಹಾರದಲ್ಲಿ ಸುಮಾರು 16 ಶೇಕಡ ಪ್ರೋಟೀನ್ ಇರಬೇಕು. ಬರೀ ಕಾಳಿನ ಮೇಲೆ ಸಾಕಿದರೆ ಪ್ರೋಟೀನ್ ಸಾಲದೆ ಒಂದರ ಪುಕ್ಕ ಒಂದು ಕಿತ್ತು ತಿನ್ನುವುದು ಶುರುವಾಗುತ್ತದೆ. ಜಗಳದ ಜೊತೆ ಉದುರಿದ ಪುಕ್ಕ ನೆಲದಲ್ಲಿ ಕಾಣದೆ ಮಾಯವಾಗುತ್ತಿದ್ದರೆ ಮೊದಲು ಆಹಾರ ನೋಡಿ.

## ಹಂತ 6: ಇಷ್ಟಾದ ಮೇಲೂ ನಿಲ್ಲದಿದ್ದರೆ, ಈಗ ಕೋಳಿ

ಎರಡು ವಾರ ಕಳೆದರೂ ಅದೇ ಹೇಂಟೆ ಅದೇ ಕೆಲಸ ಮಾಡುತ್ತಿದ್ದರೆ ಆಗ ಅದನ್ನು ತೆಗೆಯಿರಿ. ಕುಕ್ಕಿಸಿಕೊಂಡದ್ದನ್ನಲ್ಲ, ಕುಕ್ಕಿದ್ದನ್ನು. ಪೆಟ್ಟು ತಿಂದ ಹೇಂಟೆಯನ್ನು ಬೇರೆ ಮಾಡಿದರೆ ವಾಪಸ್ ಬರುವಾಗ ಅದರ ಸ್ಥಾನ ಇನ್ನೂ ಕೆಳಗಿಳಿದಿರುತ್ತದೆ.

ಜೋರಿನ ಹೇಂಟೆಯನ್ನು ಮೂರರಿಂದ ಐದು ದಿನ, ಗುಂಪಿಗೆ ಕಾಣದ ಜಾಗದಲ್ಲಿ ಇಡಿ. ಪಕ್ಕದಲ್ಲೇ ಬಲೆಯ ಆಚೆ ಇಟ್ಟರೆ ಅಲ್ಲಿಂದಲೇ ದರ್ಬಾರು ನಡೆಸುತ್ತದೆ, ಸ್ಥಾನ ಕಳೆದುಕೊಳ್ಳುವುದಿಲ್ಲ. ನೆರಳು, ಆಹಾರ, ನೀರು, ಮೊಟ್ಟೆ ಇಡಲು ಒಂದು ಮೂಲೆ, ಎಲ್ಲ ಇರಲಿ. ಇದು ಶಿಕ್ಷೆ ಅಲ್ಲ. ಅದಿಲ್ಲದ ಹೊತ್ತಿನಲ್ಲಿ ಉಳಿದವು ಹೊಸ ಪೆಟ್ಟಿಗೆಗಳಿಗೆ ಹೋಗಿ ರೂಢಿಯಾಗಲಿ ಅಂತ ಈ ಏರ್ಪಾಡು.

ವಾಪಸ್ ಬಿಡುವುದು ಮಧ್ಯಾಹ್ನದ ಮೇಲೆ. ಬಿಟ್ಟು ಅರ್ಧ ಗಂಟೆ ಅಲ್ಲೇ ಇರಿ. ಒಂದೆರಡು ಕುಕ್ಕಾಟ ಆಗುತ್ತದೆ, ಆಗಲಿ. ಈ ಸಲ ಅದೇ ಹೊಸಬಳು, ಬಹುಪಾಲು ತಾನೇ ಸುಮ್ಮನಾಗುತ್ತದೆ. ರಕ್ತ ಬಂದರೆ ಮಾತ್ರ ಬಿಡಿಸಿ. ಮತ್ತೆ ಹಳೇ ಚಾಳಿ ಶುರುವಾದರೆ ಒಂದು ವಾರ ಇಟ್ಟು ನೋಡಿ. ಆಗಲೂ ಆಗದಿದ್ದರೆ ಅದಕ್ಕೆ ಬೇರೆ ಗುಂಪು ಹುಡುಕುವುದೇ ಸರಿ. ಮನೆಯಲ್ಲಿ ಕೊಕ್ಕು ಕತ್ತರಿಸುವ ಕೆಲಸಕ್ಕೆ ಮಾತ್ರ ಯಾರು ಹೇಳಿದರೂ ಕೈ ಹಾಕಬೇಡಿ. ಕೊಕ್ಕಿನಲ್ಲಿ ನರ ಇದೆ, ನೋವಾಗುತ್ತದೆ, ತಿನ್ನಲೂ ಕಷ್ಟವಾಗುತ್ತದೆ.

## ಕಾಯದೆ ಕೈ ಹಾಕಬೇಕಾದ ಸೂಚನೆಗಳು

ಇವು ಕಂಡರೆ ಮೇಲಿನ ಕ್ರಮವನ್ನೆಲ್ಲ ಬದಿಗಿಡಿ.

ಎಲ್ಲಾದರೂ ರಕ್ತ, ಅದರಲ್ಲೂ ಹಿಂಭಾಗದಲ್ಲಿ. ಆ ಹೇಂಟೆಯನ್ನು ಆ ಕ್ಷಣವೇ ಬೇರೆ ಮಾಡಿ. ಇಲ್ಲಿ ಮಾತ್ರ ಪೆಟ್ಟು ತಿಂದದ್ದನ್ನೇ ತೆಗೆಯಬೇಕು. ಗಾಯ ಮಾಯುವವರೆಗೆ ಗುಂಪಿಗೆ ಕಾಣುವಂತೆ ಬಲೆಯ ಆಚೆ ಇಡಿ, ಆಗ ಗುಂಪು ಅದನ್ನು ಮರೆಯುವುದಿಲ್ಲ.

ಹಿಂಭಾಗದಿಂದ ಕೆಂಪು ಮಾಂಸ ಹೊರಬಂದು ಒಳಗೆ ಹೋಗದೆ ನಿಂತಿದ್ದರೆ ತಕ್ಷಣ ಪಶುವೈದ್ಯರು ಬೇಕು.

ಹೇಂಟೆ ಬಾಲ ತಗ್ಗಿಸಿ, ಮೈ ನೆಟ್ಟಗೆ ಮಾಡಿ, ಕಾಲು ಅಗಲಿಸಿ ನಡೆಯುತ್ತಿದೆ, ಮತ್ತೆ ಮತ್ತೆ ತಿಣುಕುತ್ತಿದೆ, ತಿನ್ನುತ್ತಿಲ್ಲ ಅಂದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಬೆಚ್ಚಗಿನ ಕತ್ತಲ ಜಾಗದಲ್ಲಿಟ್ಟು ವೈದ್ಯರಿಗೆ ತೋರಿಸಿ. ಹೊಟ್ಟೆ ಒತ್ತಬೇಡಿ. ಮೊಟ್ಟೆ ಒಳಗೇ ಒಡೆದರೆ ಜೀವಕ್ಕೇ ಅಪಾಯ.

ಇನ್ನೊಂದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಇದುವರೆಗೆ ಚೆನ್ನಾಗಿದ್ದ ಹೇಂಟೆಗೆ ದಿಢೀರ್ ಅಂತ ಎಲ್ಲರೂ ಕುಕ್ಕಲು ಶುರುಮಾಡಿದರೆ ಅದಕ್ಕೆ ಕಾಯಿಲೆ ಇರಬಹುದು. ನಮಗಿಂತ ಮೊದಲು ಗುಂಪಿಗೆ ಗೊತ್ತಾಗುತ್ತದೆ. ಎದೆ ಮೂಳೆ ಮುಟ್ಟಿ ಸೊರಗಿದೆಯಾ ನೋಡಿ, ರೆಕ್ಕೆ ಕೆಳಗೆ ಹೇನು ಹುಡುಕಿ, ಜುಟ್ಟು ಬಿಳಿಚಿದೆಯಾ ನೋಡಿ.

## ಹಂತ 7: ನೆಲಕ್ಕೆ ರೂಢಿಯಾದ ಹೇಂಟೆಯನ್ನು ಪೆಟ್ಟಿಗೆಗೆ ತರುವುದು

ಜೋರು ನಿಂತ ಮೇಲೂ ಹೆದರಿದ ಹೇಂಟೆ ನೆಲದಲ್ಲೋ ಪೊದೆಯಲ್ಲೋ ಇಡುತ್ತಲೇ ಇರುತ್ತದೆ. ಅದು ಹಠ ಅಲ್ಲ, ಅಲ್ಲಿ ಯಾರೂ ಓಡಿಸುವುದಿಲ್ಲ ಅಂತ ಅದಕ್ಕೆ ಗೊತ್ತು. ಒಂದು ವಾರ ಎಲ್ಲ ಕೋಳಿಗಳನ್ನೂ ಮಧ್ಯಾಹ್ನದವರೆಗೆ ಒಳಗೇ ಇಡಿ. ಅದು ಇಡುತ್ತಿದ್ದ ಮೂಲೆಗೆ ಕಲ್ಲೋ ಬಕೆಟ್ಟೋ ಇಟ್ಟು ಜಾಗ ಮುಚ್ಚಿ. ಮೂಲೆ ಮುಚ್ಚಲಾಗದಿದ್ದರೆ ಪೆಟ್ಟಿಗೆಯನ್ನೇ ಆ ಮೂಲೆಗೆ ಒಯ್ದು ನೆಲದ ಮೇಲಿಡಿ. ಒಳಗೆ ಹೋಗಲು ರೂಢಿಯಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಇಟ್ಟಿಗೆ ಕೆಳಗಿಟ್ಟು ಎತ್ತರಿಸುತ್ತಾ ಬನ್ನಿ.

ಹಾಗೇ, ಮರಿಯಿಂದ ಬೆಳೆದವು ಸುಮಾರು 18ರಿಂದ 24 ವಾರಕ್ಕೆ ಮೊದಲ ಮೊಟ್ಟೆ ಇಡುತ್ತವೆ. ಹಳೇ ಹೇಂಟೆಗಳ ಜೋರು ಮತ್ತೆ ಏರುವುದು ಆಗಲೇ. ಅದಕ್ಕೆ ಎರಡು ವಾರ ಮೊದಲೇ ಹೆಚ್ಚಿನ ಪೆಟ್ಟಿಗೆ ಇಟ್ಟು, ಒಳಗೊಂದು ಸುಳ್ಳು ಮೊಟ್ಟೆ ಹಾಕಿ, ಬಾಯಿ ತೆರೆದಿಡಿ. ನನ್ನ ಕರಿ ಹೇಂಟೆ ಎದುರು ಮೂಲೆಯ ಪೆಟ್ಟಿಗೆಗೆ ಹೋಗಲು ಹನ್ನೊಂದು ದಿನ ತೆಗೆದುಕೊಂಡಿತು. ಮೊದಲ ದಿನ ಪರದೆಯೊಳಗೆ ತಲೆ ಮಾತ್ರ ಹಾಕಿ ಹುಲ್ಲು ಕೆದಕಿ ಬಂತು. ಹನ್ನೆರಡನೇ ಬೆಳಗ್ಗೆ ನಾನು ಕೈ ಹಾಕಿದಾಗ ಸುಳ್ಳು ಮೊಟ್ಟೆಯ ಪಕ್ಕದಲ್ಲಿ ಇನ್ನೊಂದು ಇತ್ತು, ಬೆಚ್ಚಗಿತ್ತು.